ಒಂದು ಉದ್ದ ಗೆರೆ, ಒಂದು ಗಿಡ್ಡ ಗೆರೆ

“ಇಷ್ಟು ಜನ ಕೊಡೆ ಬಿಟ್ಟು ಎಲ್ಲಿಗೆ ಹೋದ್ರೋ?”

ಅಬ್ದುಲ್ ಸಲಾಂ ಸಾಬರು ಯಾರನ್ನೂ ಕೇಳಿದ್ದಲ್ಲ. ವರ್ಷಕ್ಕೊಮ್ಮೆ ಈ ಮಾತು ಅವರ ಬಾಯಿಂದ ತಾನಾಗಿ ಹೊರಟು ಕೊಪ್ಪದ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಕರಗಿಹೋಗುತ್ತಿತ್ತು. ಮೇ ತಿಂಗಳ ಕೊನೆಯ ವಾರ. ಮಳೆಗೆ ಇನ್ನು ಹತ್ತು ದಿನವೋ ಹನ್ನೆರಡು ದಿನವೋ. ಮುರಿದ ಕೊಡೆಗಳೆಲ್ಲ ಜನರಿಗೆ ಒಟ್ಟಿಗೆ ನೆನಪಾಗುವ ಕಾಲ. ಬಸ್ ಸ್ಟ್ಯಾಂಡಿನ ಎದುರು, ಬಾಗಿಲು ಹಾಕಿ ಎಷ್ಟೋ ವರ್ಷವಾದ ಬಟ್ಟೆ ಅಂಗಡಿಯೊಂದರ ಜಗಲಿಯೇ ಅವರ ಕೊಡೆ ರಿಪೇರಿಯ ಜಾಗ. ಕಡ್ಡಿ, ತಂತಿ, ಇಕ್ಕಳ, ಸೂಜಿದಾರದ ಡಬ್ಬ ಹರಡಿಕೊಂಡು ಕೂರುವ ಮೊದಲು, ಯಾರೂ ವಾಪಸು ಒಯ್ಯದ ಹಳೆಯ ಕೊಡೆಗಳನ್ನು ಮನೆಯ ಅಟ್ಟದಿಂದ ತಂದು ತಲೆಯ ಮೇಲಿನ ತಂತಿಗೆ ಸಾಲಾಗಿ ನೇತುಹಾಕುತ್ತಿದ್ದರು. ತಂದೆ ಜಮೀರ್ ಸಾಹೇಬರ ಕಾಲದಿಂದ ಬಂದ ರೂಢಿ ಅದು. ಬಿಟ್ಟುಹೋದ ಕೊಡೆಯನ್ನು ಮಾರುವ ಹಾಗಿಲ್ಲ. ಅದು ಅಮಾನತು, ನಂಬಿ ಕೊಟ್ಟುಹೋದದ್ದು. ಕೊಟ್ಟವನು ಮರೆತರೂ ಮೇಲಿರುವವನು ಮರೆಯುವುದಿಲ್ಲ ಎಂದು ಜಮೀರ್ ಸಾಹೇಬರು ಹೇಳುತ್ತಿದ್ದರು.

ಕಪ್ಪು ಬಟ್ಟೆಯ ಅಂಚಿನಲ್ಲಿ ಬಿಳಿ ಬಣ್ಣದ ಹೆಸರುಗಳು. ಸೀತಾರಾಮ, ನೆಮ್ಮಾರ್. ಗಿರಿಯಮ್ಮ, ಕೆರೆಕಟ್ಟೆ. ಒಂದೆರಡರಲ್ಲಿ ಬಣ್ಣ ಸುಲಿದು ಊರು ಮಾತ್ರ ಉಳಿದಿತ್ತು, ಮನುಷ್ಯ ಹೋಗಿದ್ದ. ಸಾಬರ ಮಗಳು ತಸ್ಮಿಯಾ ಅಕ್ಷರ ಕಲಿತದ್ದೇ ಈ ಕೊಡೆಗಳ ಕೆಳಗೆ ಮಲಗಿಕೊಂಡು. ಈಗ ಅವಳು ಬೆಂಗಳೂರಿನಲ್ಲಿ ಎಂ.ಎ. ಮೊದಲ ವರ್ಷ ಮುಗಿಸಿ ರಜೆಗೆ ಬಂದಿದ್ದಳು.

“ಅಲ್ಲ ಸಾಬ್ರೆ,” ಎಂದ ಬೇಗಾರಿನ ಚಂದ್ರಶೇಖರ. ಅಡಿಕೆ ಮಂಡಿಗೆ ಬಂದವನು ತನ್ನ ಕೊಡೆಗೆ ಕಡ್ಡಿ ಹಾಕಿಸಿಕೊಳ್ಳಲು ಜಗಲಿಯ ತುದಿಯಲ್ಲಿ ಕೂತಿದ್ದ. “ಮಗಳು ಬೆಂಗಳೂರಲ್ಲಿ ಎಂತ ಓದ್ತಾ ಇರೋದು ಅಂದ್ರಿ?”

“ಇತಿಹಾಸ. ಅದರ ಜೊತೆ ಮಾನವಶಾಸ್ತ್ರ ಅಂತ.”

“ಎರಡೆರಡಾ! ಒಂದು ಸತ್ತವರದ್ದು, ಒಂದು ಬದುಕಿದವರದ್ದು. ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ ಅನ್ನೋ ನಮ್ಮಂಥವ್ರಿಗೆ ಎಂತದೂ ಇಲ್ವಾ ಮಾರಾಯ್ರೆ?”

ಸಾಬರು ನಕ್ಕರು. ನಗುವಿನ ಕೆಳಗೆ ಮಾತ್ರ ಒಂದು ಮುಳ್ಳು ಆಡುತ್ತಿತ್ತು. ಎನ್.ಆರ್. ಪುರದಲ್ಲಿ ಬೇಕರಿ ಇಟ್ಟಿರುವ ಅವರ ಹೆಂಡತಿಯ ತಮ್ಮ ಅನ್ವರ್, ಶಿವಮೊಗ್ಗದ ಪರಿಚಯದವರ ಕಾಲೇಜಿನಲ್ಲಿ ತಸ್ಮಿಯಾಗೆ ಒಂದು ಬಿ.ಎಡ್. ಸೀಟು ಮಾಡಿಸಿಟ್ಟಿದ್ದ. ಎಂ.ಎ. ಬಿಟ್ಟು ಬರಬೇಕು, ಎರಡು ವರ್ಷದಲ್ಲಿ ಟೀಚರು, ಕೊಪ್ಪದಲ್ಲೋ ಶೃಂಗೇರಿಯಲ್ಲೋ ಕೆಲಸ, ಸಂಜೆ ಮನೆಗೆ. ಅರ್ಜಿಗೆ ತಂದೆಯ ಸಹಿ ಬೇಕು, ಶನಿವಾರ ಕೊನೆಯ ದಿನ. ಅರ್ಜಿ ಸಾಬರ ಅಂಗಿಯ ಜೇಬಿನಲ್ಲೇ ನಾಲ್ಕು ಮಡಿಕೆಯಾಗಿ ಇತ್ತು. ನಿನ್ನೆ ಊಟಕ್ಕೆ ಕೂತಾಗ ಹೇಗೋ ಬಾಯಿಬಿಟ್ಟು ಕೇಳಿದ್ದರು. ತಸ್ಮಿಯಾ ತಟ್ಟೆ ನೋಡುತ್ತ, “ನೀವು ಬಾ ಅಂದ್ರೆ ಬಂದ್ಬಿಡ್ತೀನಿ ಅಬ್ಬಾ. ಆದ್ರೆ ಮಾಮ ಹೇಳಿದ್ದು ಅಂತ ಬೇಡ. ನೀವೇ ಹೇಳ್ಬೇಕು,” ಎಂದಿದ್ದಳು.

ಹೇಳುವುದಕ್ಕೆ ಸಾಬರಿಗೆ ಮನಸ್ಸಿತ್ತು. ಅವಳು ಮನೆಯಲ್ಲಿದ್ದರೆ ಮನೆಗೆ ದೀಪ ಹಚ್ಚಿದ ಹಾಗೆ. ರಾಜಧಾನಿಯಲ್ಲಿ ಕೂತು ಹಳೆಯ ಕಾಗದ ಓದುವುದರಿಂದ ಯಾರ ಹೊಟ್ಟೆ ತುಂಬುತ್ತದೆ, ಯಾರ ತಲೆ ನೆನೆಯದೆ ಉಳಿಯುತ್ತದೆ? ಕೊಡೆಯಾದರೂ ಒಂದು ಮಳೆಗಾಲ ಬಾಳಿಕೆ ಬರುತ್ತದೆ. ಹಾಗೆಂದು ಹೇಳಲು ಬಾಯಿ ತೆರೆದಾಗಲೆಲ್ಲ ಯಾಕೋ ನಾಳೆ ಹೇಳಿದರಾಯಿತು ಅನ್ನಿಸುತ್ತಿತ್ತು. ಅಂದು ಸೋಮವಾರ.

ಮಧ್ಯಾಹ್ನದ ನಮಾಜು ಮುಗಿಸಿ ಬರುವಷ್ಟರಲ್ಲಿ ತಸ್ಮಿಯಾ ಬುತ್ತಿ ತಂದಿಟ್ಟು ಜಗಲಿಯ ಮೇಲೆ ಕೂತಿದ್ದಳು. ಅವಳ ಎದುರು ಎಪ್ಪತ್ತು ದಾಟಿದ ಹೆಂಗಸೊಬ್ಬಳು, ಪಕ್ಕದಲ್ಲಿ ಮಧ್ಯವಯಸ್ಸಿನ ಮಗ. ಹೆಂಗಸು ತಲೆಯೆತ್ತಿ ತಂತಿಯ ಕೊಡೆಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

“ನಿಮ್ಮಪ್ಪ ನಮ್ಮೂರಿಗೆ ಬತ್ತಿದ್ದ, ಸಾಬಾ,” ಎಂದಳು ಅವರನ್ನು ಕಂಡವಳೇ. “ಕೊಡೆ ಸಾಬ. ಉದ್ದ ಗಡ್ಡ. ನನ್ನ ಹೆಸರು ಭೈರಮ್ಮ. ಇವ ನನ್ನ ಮಗ ಕಲ್ಲೇಶ್. ನಿಮ್ಮಪ್ಪ ಇದ್ದಾನಾ?”

“ಹೋಗಿ ಹದಿನೆಂಟು ವರ್ಷ ಆಯ್ತು, ಅಮ್ಮಾ. ಯಾವೂರು ನಿಮ್ದು?”

“ಕೊಡಸಮಕ್ಕಿ.”

ಕಲ್ಲೇಶ್ ನಡುವೆ ಬಾಯಿ ಹಾಕಿದ. “ಈಗಿಲ್ಲ ಸಾಬ್ರೆ ಆ ಊರು. ಭದ್ರಾ ಹಿನ್ನೀರಲ್ಲಿ ಮುಳುಗಿದ್ದು. ನಾವೀಗ ಇರೋದು ಎನ್.ಆರ್. ಪುರದಿಂದ ಆಚೆ, ನೀರಿನ ಅಂಚಲ್ಲಿ, ಕಾಡಿನ ಜಾಗದಲ್ಲಿ. ಅರವತ್ತು ವರ್ಷದ ಮೇಲಾಯ್ತು, ಹಕ್ಕುಪತ್ರ ಇಲ್ಲ. ಇವತ್ತೂ ಕಚೇರಿಗೆ ಹೋಗಿ ಬಂದ್ವಿ. ಮುಳುಗಡೆಯವರ ಪಟ್ಟಿಯಲ್ಲಿ ನಮ್ಮಜ್ಜನ ಹೆಸರೇ ಇಲ್ವಂತೆ. ಆ ಊರಲ್ಲಿ ನೀವು ಇದ್ರಿ ಅನ್ನೋಕೆ ಏನಾದ್ರೂ ಹಳೇದು ಇದ್ರೆ ತನ್ನಿ ಅಂತಾರೆ. ನೀರಿನೊಳಗೆ ಹೋಗಿ ಹೊಸಿಲು ಕಿತ್ಕೊಂಡು ಬರ್ಲಾ?”

“ಸುಮ್ನಿರಾ,” ಎಂದಳು ಭೈರಮ್ಮ ಮಗನಿಗೆ. “ಬಿಸಿಲಲ್ಲಿ ಕೂಗಿದ್ರೆ ಹಕ್ಕುಪತ್ರ ಬತ್ತದಾ?”

ಸಾಬರು ಅಯ್ಯೋ ಎಂದು ಲೊಚಗುಟ್ಟಿದರು. ಬೇರೆ ಯಾರಾದರೂ ಅಷ್ಟೇ ಮಾಡುತ್ತಿದ್ದರು. ತಸ್ಮಿಯಾ ಮಾತ್ರ ಹಾಗೆ ಮಾಡಲಿಲ್ಲ. ಅವಳು ಕಾಲು ಮಡಿಚಿ ಅಜ್ಜಿಯ ಹತ್ತಿರಕ್ಕೆ ಸರಿದು ಕೂತಳು.

“ಅಜ್ಜಿ, ನಿಮ್ಮನೆ ಬಾಗಿಲು ಯಾವ ಕಡೆಗಿತ್ತು?”

ಭೈರಮ್ಮ ಅವಳನ್ನು ನೋಡಿದಳು. ಇಷ್ಟು ವರ್ಷದಲ್ಲಿ ಅವಳನ್ನು ಯಾರೂ ಅದನ್ನು ಕೇಳಿರಲಿಲ್ಲ. ಸರ್ವೆ ನಂಬರ್ ಎಷ್ಟು ಎಂದು ಕೇಳಿದ್ದರು, ರಸೀದಿ ಇದೆಯೇ ಎಂದು ಕೇಳಿದ್ದರು.

“ಹೊಳೆ ಕಡೆಗೆ,” ಎಂದಳು. ಸುಮ್ಮನಾದಳು.

ತಸ್ಮಿಯಾ ಕೂಡಾ ಸುಮ್ಮನಿದ್ದಳು. ಸಾಬರಿಗೆ ಕಸಿವಿಸಿಯಾಯಿತು, ಮುಂದೆ ಏನಾದರೂ ಕೇಳಬಾರದೇ ಹುಡುಗಿ ಎನ್ನಿಸಿತು. ಬಸ್ಸೊಂದು ಬಂತು, ಹೋಯಿತು. ಆ ಧೂಳು ಅಡಗಿದ ಮೇಲೆ ಭೈರಮ್ಮ ತಾನೇ ಶುರುಮಾಡಿದಳು. ಬಾಗಿಲೆದುರಿನ ಸಂಪಿಗೆ ಮರ, ಅದರ ಬುಡದ ಕಲ್ಲು, ಅಪ್ಪ ಜಟ್ಟಪ್ಪ ಯಾರ ಗದ್ದೆ ಉಳುತ್ತಿದ್ದ, ಮೇಲಿನ ಮನೆ ಯಾರದು, ಕೆಳಗಿನದು ಯಾರದು. ಎಳೆ ಸಿಕ್ಕಿದ ನೂಲಿನುಂಡೆಯ ಹಾಗೆ ಮಾತು ಬಿಚ್ಚಿಕೊಳ್ಳುತ್ತಾ ಹೋಯಿತು. ಮಗಳು ಕೇಳುತ್ತಿದ್ದ ರೀತಿಯನ್ನು ಸಾಬರು ಇಕ್ಕಳ ಕೆಳಗಿಟ್ಟು ನೋಡಿದರು. ರಾತ್ರಿ ತಂದೆ ಕುರಾನ್ ಓದುವಾಗ ತಮ್ಮ ತಾಯಿ ಹೀಗೆ ಕೂತು ಆಲಿಸುತ್ತಿದ್ದುದು ಅವರಿಗೆ ನೆನಪಾಯಿತು. ಒಂದು ಪದವೂ ನೆಲಕ್ಕೆ ಬೀಳದ ಹಾಗೆ.

“ಜಟ್ಟಪ್ಪಜ್ಜನಿಗೆ ಸ್ವಂತ ಜಮೀನಿತ್ತಾ?” ಎಂದು ಕೊನೆಗೆ ತಸ್ಮಿಯಾ ಕೇಳಿದಳು.

“ಎಲ್ಲಿ ಬಂತು ಕೂಸೇ? ಗೇಣಿ.”

“ಅದಕ್ಕೇ ಪಟ್ಟಿಯಲ್ಲಿ ಹೆಸರಿಲ್ಲ. ನಾನು ನೋಡಿದ್ದೀನಿ ಆ ಪಟ್ಟಿನ. ನಿಮ್ಮ ನಿಮ್ಮ ತಾಲ್ಲೂಕಿನ ಹಳೇ ಕಾಗದ ಹುಡುಕಿ ಓದಿ ಅಂತ ನಮ್ಮ ಮೇಡಂ ಪತ್ರಾಗಾರಕ್ಕೆ ಕಳ್ಸಿದ್ರು. ಪಟ್ಟಿ ಸುಳ್ಳಲ್ಲ ಅಜ್ಜಿ. ಅದನ್ನ ಬರೆದವರು ಕೇಳಿದ್ದೇ ಬೇರೆ. ಯಾರಿಗೆ ಎಷ್ಟು ಜಮೀನಿತ್ತು ಅಂತ ಕೇಳಿದ್ರು. ಯಾರ್ಯಾರು ಇದ್ರು ಅಂತ ಕೇಳ್ಲೇ ಇಲ್ಲ.”

ಫೋನಿನಲ್ಲಿ ಒಂದು ಚಿತ್ರ ತೆಗೆದು ತೋರಿಸಿದಳು. ಅಣೆಕಟ್ಟೆ ಕಟ್ಟುವ ಮುಂಚೆ ಅಳತೆಯವರು ಕೈಯಲ್ಲಿ ಬರೆದ ಕೊಡಸಮಕ್ಕಿಯ ನಕ್ಷೆ. ಹೊಳೆ, ದಾರಿ, ಸಣ್ಣ ಸಣ್ಣ ಚೌಕದ ಮನೆಗಳು. ಜಮೀನಿದ್ದ ಮನೆಗಳ ಪಕ್ಕ ಹೆಸರಿತ್ತು. ಉಳಿದವು ಬರೀ ಚೌಕ.

ಭೈರಮ್ಮ ಆ ಖಾಲಿ ಚೌಕಗಳನ್ನು ಬೆರಳಿನಿಂದ ಮುಟ್ಟಲು ಹೋದಳು. ಚಿತ್ರ ಸರಕ್ಕನೆ ಜಾರಿತು. “ಓಡ್ತದಲ್ಲೇ!” ಎಂದು ಕೈ ಹಿಂದೆಗೆದಳು. ಮತ್ತೆ ಏನೋ ಹೊಳೆದವಳ ಹಾಗೆ ಸಾಬರ ಕಡೆ ತಿರುಗಿ, “ನಿಮ್ಮಪ್ಪನ ಪುಸ್ತಕ ಎಲ್ಲಿ ಸಾಬಾ?” ಎಂದಳು. “ಅದರಲ್ಲಿ ನಮ್ಮಪ್ಪನ ಹೆಸರು ಇತ್ತು. ಬರೆದದ್ದು ನಾನೇ. ನಂಗಾಗ ಏಳು ವರ್ಷ. ಮನೆಯಲ್ಲಿ ಅಕ್ಷರ ಬತ್ತಿದ್ದದ್ದು ನಂಗೊಬ್ಳಿಗೇ.”

ಸಲಾಂ ಸಾಬರ ಕಣ್ಣು ಗೋಡೆಯ ಮೊಳೆಯ ಕಡೆ ಹೋಯಿತು.

ಪುಸ್ತಕ ಅವರಿಗೆ ಚೆನ್ನಾಗಿ ಗೊತ್ತಿತ್ತು. ಜಮೀರ್ ಸಾಹೇಬರಿಗೆ ಕುರಾನ್ ಓದಲು ಬರುತ್ತಿತ್ತು, ಕನ್ನಡದ ಅಕ್ಷರ ಬರುತ್ತಿರಲಿಲ್ಲ. ಮಳೆಗೆ ಮುಂಚೆ ಶೃಂಗೇರಿಯ ಸುತ್ತ ಒಂದು ವಾರ, ಎನ್.ಆರ್. ಪುರದ ಕಡೆ ಒಂದು ವಾರ ನಡೆದು ಕೊಡೆ ಕೂಡಿಸುವರು. ಕೊಡೆಯ ಮೇಲೆ ಬರೆಯಬೇಕಾದ ಹೆಸರನ್ನು ಮನೆಯವರೇ ಪುಸ್ತಕದಲ್ಲಿ ಸೀಸದಕಡ್ಡಿಯಿಂದ ಬರೆದುಕೊಡಬೇಕು. ಅದನ್ನು ನೋಡಿ ನೋಡಿ ಬಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ಹಾಗೇ ಇಳಿಸುತ್ತಿದ್ದರು. ಆದರೆ ಓದಲು ಬಾರದ ಅವರಿಗೆ ಯಾವ ಕೊಡೆ ಯಾವ ಮನೆಯದು ಎಂದು ತಿಳಿಯುವುದು ಹೇಗೆ? ಹೆಸರಿನ ಪಕ್ಕದಲ್ಲಿ ಆ ಮನೆಯ ಗುರುತೊಂದನ್ನು ಬರೆದುಕೊಳ್ಳುತ್ತಿದ್ದರು: ಒಂದು ಬಾವಿ, ಮೂರು ಮೆಟ್ಟಿಲು, ಕುಂಟು ನಾಯಿ. ಅದರ ಕೆಳಗೆ ಗೆರೆಗಳು, ದೊಡ್ಡ ಕೊಡೆಗೆ ಉದ್ದ ಗೆರೆ, ಮಕ್ಕಳದ್ದಕ್ಕೆ ಗಿಡ್ಡ ಗೆರೆ.

ಸಾಬರಿಗೆ ಚಿಕ್ಕಂದಿನಲ್ಲಿ ಆ ಚಿತ್ರಗಳನ್ನು ಕಂಡರೆ ನಾಚಿಕೆಯಾಗುತ್ತಿತ್ತು. ಅಪ್ಪನಿಗೆ ಓದು ಬಾರದ್ದಕ್ಕೆ ಅವು ಸಾಕ್ಷಿ. ಅಪ್ಪ ತೀರಿಕೊಂಡ ಮೇಲೆ, ಕೊಡೆಯ ಬಟ್ಟೆ ಕತ್ತರಿಸಲು ಬೇರೆ ಬೇರೆ ಅಳತೆಯ ಮೂರುಮೂಲೆಯ ಅಚ್ಚುಗಳು ಬೇಕಾದಾಗ, ಆ ಪುಸ್ತಕವನ್ನು ಬಿಚ್ಚಿ, ಹಾಳೆಗಳನ್ನು ಮೈದಾ ಅಂಟಿನಿಂದ ಒಂದರ ಮೇಲೊಂದು ಹಚ್ಚಿ ಗಟ್ಟಿಮಾಡಿ, ಕತ್ತರಿಯಾಡಿಸಿದ್ದರು. ಹನ್ನೊಂದು ಅಚ್ಚು. ಇದೇ ಜಗಲಿಯ ಗೋಡೆಯ ಮೊಳೆಗೆ ತೂಗುತ್ತಿದ್ದವು. ಬಿಟ್ಟುಹೋದ ಹರಕು ಕೊಡೆಯನ್ನು ಅಮಾನತು ಎಂದು ಹದಿನೆಂಟು ವರ್ಷ ಕಾಯ್ದವರು, ಅಪ್ಪನ ಪುಸ್ತಕಕ್ಕೆ ಕತ್ತರಿ ಹಾಕುವಾಗ ಕ್ಷಣ ಯೋಚಿಸಿರಲಿಲ್ಲ.

ಅವರು ಎದ್ದು, ಅಚ್ಚುಗಳ ಕಟ್ಟನ್ನು ಮೊಳೆಯಿಂದ ಇಳಿಸಿ ಮಗಳ ಮುಂದಿಟ್ಟರು.

“ಇದೇ,” ಎಂದರು. “ಪುಸ್ತಕ.”

ಚಂದ್ರಶೇಖರ ತನ್ನ ಕೊಡೆಯನ್ನು ಮರೆತು ನೋಡುತ್ತಿದ್ದ. “ಥೋ ಮಾರಾಯ್ರೆ! ಊರಿಗೆ ಊರೇ ಕತ್ತರಿಸಿ ಇಟ್ಟಿದ್ದೀರಲ್ಲ!”

ಸಾಬರು ನೆಲ ನೋಡಿದರು. ತಸ್ಮಿಯಾ ಅಚ್ಚೊಂದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಿದಳು, ಅಂಚನ್ನು ಉಗುರಿನಿಂದ ಸವರಿದಳು, ಮೂಸಿದಳು. ಅವಳ ಮುಖದಲ್ಲಿ ಬೇಸರವಿರಲಿಲ್ಲ. ಮುರಿದ ಕೊಡೆ ಕೈಗೆ ಬಂದಾಗ ತಮ್ಮ ಮುಖ ಹೇಗಾಗುತ್ತದೋ ಹಾಗಿತ್ತು.

“ಮೈದಾನೇ ತಾನೆ ಅಬ್ಬಾ? ಫೆವಿಕಾಲ್ ಅಲ್ವಲ್ಲ?”

“ಮೈದಾ.”

“ಹಂಗಾದ್ರೆ ಬಿಡಿಸ್ಬಹುದು.”

ಮನೆಯಲ್ಲಿ ಸಾಬರ ಹೆಂಡತಿ ತಾಹೇರಾ ಮಗಳಿಗೆಂದು ಅಕ್ಕಿ ತರಿ ನೆನೆಹಾಕಿ ಕಡುಬಿಗೆ ಸಿದ್ಧ ಮಾಡಿಕೊಂಡಿದ್ದಳು. ಮಗಳು ಬಂದವಳೇ ಕಡುಬು ಬೇಯಿಸುವ ಪಾತ್ರೆ ಕೇಳಿದಾಗ ಹಿಗ್ಗಿ ಕೊಟ್ಟಳು. ಅದರೊಳಗೆ ಹಿಟ್ಟಿನ ಬದಲು ಹಳೆಯ ರಟ್ಟು ಹೋಗುವುದನ್ನು ಕಂಡು ಸೊಂಟದ ಮೇಲೆ ಕೈಯಿಟ್ಟಳು.

“ಇದನ್ನ ಕಲಿಸೋಕೆ ಹಾಸ್ಟೆಲ್ಲು, ಮೆಸ್ಸು, ಇಷ್ಟೆಲ್ಲಾನಾ? ಕಾಗದದ ಕಡುಬು!”

“ಬೇಯ್ಸಲ್ಲ ಅಮ್ಮಿ. ಬರೀ ಹಬೆ. ಪತ್ರಾಗಾರದಲ್ಲಿ ಹಳೇ ಕಾಗದ ರಿಪೇರಿ ಮಾಡೋ ಕೋಣೆ ಇದೆ. ರಜಾ ದಿನ ಅಲ್ಲಿ ಹೋಗಿ ಕೂರ್ತಿದ್ದೆ. ಶಶಾಂಕ ಸರ್ ಅಂತ ಒಬ್ರು ಹೇಳಿಕೊಟ್ರು. ಅಂಟು ಹಾಕಿದ್ದನ್ನ ಎಳೀಬಾರ್ದು, ಅದಾಗೇ ಬಿಡೋವರೆಗೆ ಕಾಯ್ಬೇಕು ಅಂತಾರೆ.”

“ಅಲ್ಲೂ ರಿಪೇರಿಯವ್ರು ಇದ್ದಾರಾ?” ಎಂದರು ಸಾಬರು. ರಾಜಧಾನಿಯ ಬಗ್ಗೆ ಅವರಿಗೆ ಮೊದಲ ಸಲ ಸ್ವಲ್ಪ ಆಪ್ತತೆ ಮೂಡಿತು.

“ಇದ್ದಾರೆ ಅಬ್ಬಾ. ನಿಮ್ಮ ಹಂಗೇ. ಮಾತಾಡ್ಸಿದ್ರೂ ತಲೆ ಎತ್ತಲ್ಲ.”

ಸೀಸದಕಡ್ಡಿಯಲ್ಲಿ ಬರೆದದ್ದು ಪುಣ್ಯವಾಗಿತ್ತು. ಶಾಯಿಯಾಗಿದ್ದರೆ ಹಬೆಗೆ ಹರಡಿಹೋಗುತ್ತಿತ್ತು. ಒಂದು ಅಚ್ಚಿಗೆ ಮೂರ್ನಾಲ್ಕು ಗಂಟೆ. ಹಾಳೆ ಮೆತ್ತಗಾದಾಗ ಊಟದ ಚಮಚದ ಹಿಡಿಯಿಂದ ಮೆಲ್ಲಗೆ ಎಬ್ಬಿಸಿ, ಹಳೆಯ ಹತ್ತಿ ಸೀರೆಯ ನಡುವೆ ಇಟ್ಟು ಒಣಗಿಸುವುದು. ಮಂಗಳವಾರ ಹೊತ್ತು ಮುಳುಗುವಾಗ ನಾಲ್ಕು ಅಚ್ಚು ಬಿಡಿಸಿ ಆಗಿತ್ತು. ನೆಮ್ಮಾರ್ ಸಿಕ್ಕಿತ್ತು, ಕೆರೆಕಟ್ಟೆ ಸಿಕ್ಕಿತ್ತು, ಕೊಡಸಮಕ್ಕಿ ಇಲ್ಲ. ಕಡುಬಿಲ್ಲದೆ ಎರಡು ದಿನ ಅನ್ನ ತಿಂದ ತಾಹೇರಾ ಈಗ ತಾನೇ ಪಾತ್ರೆಗೆ ನೀರು ಹೊಯ್ಯುತ್ತಿದ್ದಳು. “ಇನ್ನೊಂದು ಹಾಕು ಬೇಟಿ, ಒಲೆ ಇನ್ನೂ ಬಿಸಿ ಇದೆ,” ಎನ್ನುವಳು.

ಬುಧವಾರ ಬೆಳಿಗ್ಗೆ, ಎಲ್ಲಕ್ಕಿಂತ ದೊಡ್ಡ ಅಚ್ಚಿನ ನಡುಪದರದಲ್ಲಿ ಕೊಡಸಮಕ್ಕಿ ಸಿಕ್ಕಿತು. ಎರಡು ಹಾಳೆ. ಕೆಳಗಿನ ಒಂದು ಮೂಲೆ ಮಾತ್ರ ಕತ್ತರಿಗೆ ಹೋಗಿತ್ತು. ಸುದ್ದಿ ತಿಳಿದು ಮಧ್ಯಾಹ್ನದ ಬಸ್ಸಿಗೆ ಭೈರಮ್ಮನೂ ಕಲ್ಲೇಶನೂ ಬಂದರು. ತಾಹೇರಾ ಚಾಪೆ ಹಾಸಿ, ಬೆಲ್ಲದ ಚಹಾ ಕೊಟ್ಟಳು. ಭೈರಮ್ಮ ಲೋಟ ಕೆಳಗಿಟ್ಟು, ಹಾಳೆಯ ಮೇಲೆ ಬಗ್ಗಿದಳು.

ಒಂದು ಮರ. ಕೊಂಬೆಗಳ ತುದಿಗೆ ಚುಕ್ಕಿ ಚುಕ್ಕಿ ಹೂವು. ಪಕ್ಕದಲ್ಲಿ ಮಗುವಿನ ಕೈಯ ದಪ್ಪ ಡೊಂಕು ಅಕ್ಷರಗಳು: ಜಟ್ಟಪ್ಪ, ಕೊಡಸಮಕ್ಕಿ. ಕೆಳಗೆ ಒಂದು ಉದ್ದ ಗೆರೆ, ಅದಕ್ಕೆ ಒತ್ತಿಕೊಂಡು ಒಂದು ಗಿಡ್ಡ ಗೆರೆ.

ಭೈರಮ್ಮ ಬೆರಳಿಟ್ಟು ತೋರಿಸಿದಳು. ಈ ಸಲ ಚಿತ್ರ ಓಡಲಿಲ್ಲ.

“ಈ ಗಿಡ್ಡ ಗೆರೆ ನಾನು,” ಎಂದಳು. “ಮೇಲಿನ ಮನೆಯವರು ಬಿಸಾಡಿದ ಕೊಡೆ ತಂದು, ಕೂಸು ಶಾಲೆಗೆ ಹೋಗ್ಬೇಕು, ಸಣ್ಣ ಮಾಡಿ ಕೊಡು ಅಂತ ನಮ್ಮಪ್ಪ ಕೇಳಿದ್ದ. ನಿಮ್ಮಪ್ಪ ಕಡ್ಡಿ ಎಲ್ಲ ಕತ್ತರಿಸಿ ಇಷ್ಟೇ ಇಷ್ಟು ಮಾಡಿಕೊಟ್ಟ. ಒಂದೇ ಮಳೆಗಾಲ ಹಿಡಿದೆ. ಆಮೇಲೆ ನೀರು ಬಂತು. ಶಾಲೆನೂ ಮುಳುಗ್ತು, ನನ್ನ ಓದೂ ಮುಳುಗ್ತು.”

ಕಲ್ಲೇಶ್ ಗೋಡೆಯ ಕಡೆ ತಿರುಗಿಕೊಂಡು ಮೂಗು ಒರೆಸಿಕೊಂಡ.

ತಸ್ಮಿಯಾ ನಕ್ಷೆಯ ಚಿತ್ರವನ್ನು ಹಾಳೆಯ ಪಕ್ಕಕ್ಕಿಟ್ಟಳು. ಅಜ್ಜ ನಡೆದ ಕ್ರಮದಲ್ಲೇ ಮನೆಗಳು ಪುಸ್ತಕದಲ್ಲಿದ್ದವು. ನಕ್ಷೆಯ ದಾರಿಯೂ ಹಾಗೇ ಸಾಗುತ್ತಿತ್ತು. ಜಮೀನಿನವರ ಹೆಸರು ಎರಡೂ ಕಡೆ ಕೂಡಿಬಂದವು. ನಡುವಿನ ಖಾಲಿ ಚೌಕಗಳಿಗೆ ಒಂದೊಂದಾಗಿ ಜನ ಬಂದು ಕೂತರು. ಹತ್ತನೆಯ ಮನೆಯ ನಂತರ ಹಾಳೆ ಕತ್ತರಿಸಿಹೋಗಿತ್ತು. ನಕ್ಷೆಯಲ್ಲಿ ಇನ್ನೂ ಎರಡು ಚೌಕ ಉಳಿದಿದ್ದವು.

“ಅಜ್ಜ ಮನೆಗಳನ್ನ ಹೇಗೆ ನೆನಪಿಟ್ಕೊಳ್ತಿದ್ರು ಅಬ್ಬಾ? ಪುಸ್ತಕ ತೆಗೀದೆ ಇದ್ದಾಗ?”

“ನಂಗೇನು ಗೊತ್ತು?” ಎಂದರು ಸಾಬರು.

ಮಗಳು ಮತ್ತೆ ಕೇಳಲಿಲ್ಲ. ಸುಮ್ಮನೆ ಅವರನ್ನೇ ನೋಡುತ್ತಾ ಕೂತಳು, ಸೋಮವಾರ ಭೈರಮ್ಮನೆದುರು ಕೂತ ಹಾಗೆ. ಸಾಬರಿಗೆ ಏನೋ ನೆನಪಾಗತೊಡಗಿತು. ಕಂಬಳಿಯ ಬಿಸುಪು, ಅಪ್ಪನ ತೊಡೆ, ಬೆನ್ನಿನ ಮೇಲೆ ತಾಳ ಹಾಕುತ್ತಿದ್ದ ಅಂಗೈ. ಮಲಗಿಸುವಾಗಿನ ಜೋಗುಳವೆಂದೇ ಅವರು ಇಷ್ಟು ದಿನ ತಿಳಿದದ್ದು. ತುಟಿ ತಾನಾಗಿ ಆಡತೊಡಗಿತು.

“ಹುಣಸೆ ಮರದ ಮನೆ, ಹಿಂದೆ ಬಾವಿಯ ಮನೆ, ಮೂರು ಮೆಟ್ಟಿಲ ಮನೆ, ಮುದಿ ಎಮ್ಮೆಯ ಮನೆ…”

ತಸ್ಮಿಯಾಳ ಬೆರಳು ಹಾಳೆಯ ಮೇಲೆ ಇಳಿಯುತ್ತಿತ್ತು. ಹುಣಸೆ ಮರ. ಬಾವಿ. ಮೂರು ಮೆಟ್ಟಿಲು. ಎಮ್ಮೆ. ಕೊಡಸಮಕ್ಕಿ ಮುಳುಗಿ ಐದಾರು ವರ್ಷದ ಮೇಲೆ ಹುಟ್ಟಿದವರು ಸಾಬರು. ಇಲ್ಲದ ಊರಿನ ಮನೆಗಳನ್ನೂ ಅಪ್ಪ ಬಿಡದೆ ಹೇಳುತ್ತಿದ್ದರೇ? ಹೇಳಲೇಬೇಕಿತ್ತು. ಒಂದು ಊರು ಬಿಟ್ಟರೆ ಮುಂದಿನ ಊರು ನೆನಪಿಗೆ ಬರುತ್ತಿರಲಿಲ್ಲ; ಪದ್ಯದ ನಡುವೆ ಒಂದು ಸಾಲು ಬಿಟ್ಟವನಿಗೆ ಮುಂದಿನ ಸಾಲು ಬಾರದ ಹಾಗೆ.

“ಕುಂಟು ನಾಯಿಯ ಮನೆ, ಸಂಪಿಗೆ ಹೂವಿನ ಮನೆ…” ಭೈರಮ್ಮ ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು. ಹಾಳೆಯ ಕೊನೆ ಬಂತು. ಸಾಬರು ನಿಲ್ಲಲಿಲ್ಲ. “ಜೇನುಪೆಟ್ಟಿಗೆ ಮನೆ…”

“ಸಿದ್ದಣ್ಣನ ಮನೆ!” ಎಂದು ಭೈರಮ್ಮ ಕೂಗಿಬಿಟ್ಟಳು. “ಜೇನು ಸಾಕಿದ್ದ! ಅವನ ಮೊಮ್ಮಕ್ಕಳು ನಮ್ಮ ಬೇಲಿ ಆಚೆಗೇ ಇದ್ದಾರೆ!”

ಅದರ ಮುಂದಿನದು ಬರಲಿಲ್ಲ. ಸಾಬರು ಮೊದಲಿನಿಂದ ಹೇಳಿನೋಡಿದರು, ತಾಳ ಹಾಕಿ ನೋಡಿದರು. ಕೊನೆಯ ಮನೆ ಬರಲೇ ಇಲ್ಲ. ಭೈರಮ್ಮನಿಗೂ ಅದು ನೆನಪಿರಲಿಲ್ಲ. “ಒಂದು ಹೋಯ್ತು,” ಎಂದರು ಸಾಬರು, ತಮ್ಮ ಕತ್ತರಿಯ ಕೈಯನ್ನು ನೋಡಿಕೊಂಡು.

“ಖಾಲಿ ಅಂತ ಬರೆಯೋಣ ಅಬ್ಬಾ,” ಎಂದಳು ತಸ್ಮಿಯಾ. “ಯಾರೋ ಇದ್ರು, ನಮಗೆ ಗೊತ್ತಿಲ್ಲ ಅಂತ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಬರೆದ್ರೇ ಉಳಿದದ್ದನ್ನ ನಂಬ್ತಾರೆ.”

ಗುರುವಾರ ಇಡೀ ಅವಳು ಭೈರಮ್ಮನವರು ಕಚೇರಿಗೆ ಕೊಡಬೇಕಾದ ಅರ್ಜಿ ಬರೆದಳು. ಪತ್ರಾಗಾರದ ನಕ್ಷೆಯ ನಂಬರು, ಪುಸ್ತಕದ ಹಾಳೆಗಳ ಚಿತ್ರ, ಭೈರಮ್ಮನ ಹೇಳಿಕೆ, ಸಲಾಂ ಸಾಬರ ಹೇಳಿಕೆ, ಯಾವ ಮನೆಯವರು ಈಗ ಎಲ್ಲಿದ್ದಾರೆ ಎಂಬುದು. ನಕ್ಷೆಯ ಮೊಹರಿನ ನಕಲು ಬೆಂಗಳೂರಿನಿಂದ ಬರುವುದಾಗಿ ಕೊನೆಗೆ ಸೇರಿಸಿದಳು. ತನ್ನ ಹೆಸರು ಎಲ್ಲೂ ಹಾಕಲಿಲ್ಲ. ಸಂಜೆ ಕಲ್ಲೇಶ್ ಬಂದು ಅದನ್ನು ಒಯ್ದ. ರಾತ್ರಿ ಊಟದ ಹೊತ್ತಿಗೆ ಅನ್ವರನ ಫೋನು ಬಂತು; ಶನಿವಾರ ಬೆಳಿಗ್ಗೆ ತಾನೇ ಬಂದು ಅರ್ಜಿ ಒಯ್ಯುವುದಾಗಿ ಹೇಳಿದ. ಸಾಬರು ಆಗಲಿ ಎಂದರು. ಜೇಬಿನ ಮೇಲೆ ಕೈಯಿಟ್ಟು ನೋಡಿಕೊಂಡರು. ಇನ್ನೂ ಸಹಿ ಹಾಕಿರಲಿಲ್ಲ, ಮಗಳಿಗೆ ಹೇಳಿಯೂ ಇರಲಿಲ್ಲ.

ಶನಿವಾರ ತಸ್ಮಿಯಾಳ ಬಸ್ಸು ಒಂಬತ್ತಕ್ಕೆ. ಅವಳ ರಜೆ ಮುಗಿದಿತ್ತು. ಹೋಗಿ ಓದು ಮುಂದುವರಿಸುವಳೋ, ಹೋಗಿ ಹೆಸರು ತೆಗೆಸಿ ಟಿ.ಸಿ. ತರುವಳೋ ಎಂಬುದಷ್ಟೇ ಬಾಕಿ. ಬ್ಯಾಗು ಜಗಲಿಯ ಮೇಲಿತ್ತು, ತಾಹೇರಾ ಕಟ್ಟಿಕೊಟ್ಟ ಕಡುಬಿನ ಡಬ್ಬಿ ಅದರ ಮೇಲಿತ್ತು. ಅನ್ವರ್ ಬಂದು ಬೈಕು ನಿಲ್ಲಿಸಿದ. ಒಳ್ಳೆಯ ಮನುಷ್ಯ, ಅಕ್ಕನ ಮಗಳಿಗೆಂದು ಅಷ್ಟು ದೂರದಿಂದ ಒಂದು ಪೊಟ್ಟಣ ಖಾರದ ಬಿಸ್ಕತ್ತು ತಂದಿದ್ದ.

“ಸಹಿ ಆಯ್ತಾ ಭಾಯಿ? ಹನ್ನೊಂದರೊಳಗೆ ಶಿವಮೊಗ್ಗ ಮುಟ್ಬೇಕು ನಾನು.”

ಸಾಬರು ಅರ್ಜಿ ತೆಗೆದು ಮಡಿಕೆ ಬಿಚ್ಚಿ ತೊಡೆಯ ಮೇಲೆ ಹರಡಿಕೊಂಡರು. ಅಷ್ಟರಲ್ಲಿ ಎನ್.ಆರ್. ಪುರದ ಬಸ್ಸಿನಿಂದ ಭೈರಮ್ಮ ಇಳಿದು, ರಸ್ತೆಯ ಎರಡೂ ಕಡೆ ನೋಡದೆ ನೇರ ನಡೆದು ಬಂದಳು. ಹಿಂದೆ ಕಲ್ಲೇಶ್, ಬಸ್ಸಿನವರಿಗೆ ಕೈ ತೋರಿಸಿ ತಡೆಯುತ್ತಾ.

“ತಗೊಂಡ್ರು ಸಾಬಾ!” ಎಂದಳು ಅವಳು ಜಗಲಿ ಹತ್ತುವ ಮೊದಲೇ. “ನಿನ್ನೆ ಕಚೇರಿಲಿ ಅರ್ಜಿ ತಗೊಂಡ್ರು! ಆ ಸಾಹೇಬ ನಮ್ಮ ಸಂಪಿಗೆ ಮರನ ಕನ್ನಡಕ ಹಾಕ್ಕೊಂಡು ನೋಡ್ದ, ತೆಗೆದು ನೋಡ್ದ. ಇಂಥದ್ದು ಇಲ್ಲಿವರೆಗೆ ಯಾರೂ ತಂದಿಲ್ಲ ಅಂದ. ಮುಂದಿನ ತಿಂಗಳು ಜಾಗಕ್ಕೇ ಬಂದು ವಿಚಾರಣೆ ಮಾಡ್ತಾರಂತೆ. ಹನ್ನೊಂದೂ ಮನೆಯವರು ಇರ್ಬೇಕಂತೆ.”

ಕಲ್ಲೇಶ್ ಸ್ವೀಕೃತಿಯ ಚೀಟಿ ತೋರಿಸಿದ. ಮಡಿಸದೆ, ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟಿದ್ದ. ತಸ್ಮಿಯಾ ಅದನ್ನು ಎರಡು ಸಲ ಓದಿ ಅಜ್ಜಿಯ ಕೈ ಹಿಡಿದುಕೊಂಡಳು.

ಆ ಕೈಯನ್ನು ಭೈರಮ್ಮ ಬಿಡಲಿಲ್ಲ. ಹಾಗೇ ಹಿಡಿದು ಸಾಬರ ಕಡೆ ತಿರುಗಿದಳು.

“ಒಂದು ಕೇಳ್ತೆ ಸಾಬಾ, ಇಲ್ಲ ಅನ್ಬೇಡ. ಈ ಕೂಸನ್ನ ಇಲ್ಲೇ ಇಟ್ಕೊ. ಬೆಂಗಳೂರಿನ ಓದು ಸಾಕು. ನಮ್ಮದೊಂದೇ ಅಲ್ಲ, ನೀರಿನ ಅಂಚಿಗೆ ಇನ್ನೂ ಎಷ್ಟು ಮನೆ ಇದೆ ಗೊತ್ತಾ? ಎಲ್ಲರದ್ದೂ ಇದೇ ಗೋಳು. ಇವಳು ಇಲ್ಲೇ ಇದ್ರೆ ನಮಗೊಂದು ಆಸರೆ. ಬೇರೆ ಯಾರೂ ಹೀಂಗೆ ಕೂತು ಕೇಳೋರಿಲ್ಲ.”

“ನೋಡಿ ಭಾಯಿ!” ಅನ್ವರನ ಮುಖ ಅರಳಿತು. “ನಾನು ಹೇಳಿದ್ದೂ ಅದೇ ಅಲ್ವಾ? ಬಿ.ಎಡ್. ಮಾಡ್ಕೊಂಡು ಇಲ್ಲೇ ಇರ್ಲಿ. ಮನೆಗೂ ಆಯ್ತು, ಊರಿಗೂ ಆಯ್ತು.” ಪೆನ್ನು ತೆಗೆದು ಮುಂದೆ ಚಾಚಿದ.

ವಾರವಿಡೀ ಸಾಬರು ಹೇಳಬೇಕೆಂದಿದ್ದ ಮಾತನ್ನು ಇಡೀ ಲೋಕವೇ ಅವರ ಪರವಾಗಿ ಹೇಳುತ್ತಿತ್ತು. ಹೂಂ ಎಂದರೆ ಸಾಕು. ತಸ್ಮಿಯಾ ಕಾಯುತ್ತಿದ್ದಳು.

ಸಾಬರು ಗೋಡೆಯ ಖಾಲಿ ಮೊಳೆಯ ಕಡೆ ನೋಡಿದರು. ತಲೆಯ ಮೇಲಿನ ಕೊಡೆಗಳ ಕಡೆ ನೋಡಿದರು. ಬೆಂಗಳೂರಿನ ಬಸ್ಸು ಬಂದು ನಿಂತು ಹಾರ್ನ್ ಹಾಕಿತು. ಅರ್ಜಿಯನ್ನು ಮೊದಲಿದ್ದ ನಾಲ್ಕು ಮಡಿಕೆಗೇ ಮಡಿಸಿ, ಅನ್ವರನ ಪೆನ್ನಿನ ಜೊತೆಗೇ ಅವನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದರು. ಮಗಳ ಬ್ಯಾಗನ್ನು ತಾವೇ ಎತ್ತಿ ಹೆಗಲಿಗೆ ಹಾಕಿಕೊಂಡರು.

“ಇಲ್ಲೇ ಇದ್ದವನು ನಾನು, ಭೈರಮ್ಮಾ,” ಎಂದರು. “ಹುಟ್ಟಿದಾಗಿಂದ ಇಲ್ಲೇ ಇದ್ದೆ. ಇಲ್ಲೇ ಕೂತು ನಿಮ್ಮೂರನ್ನ ಕತ್ತರಿಸಿದೆ. ಅದು ಊರು ಅಂತ ಇವಳು ದೂರ ಹೋಗಿ ಕಲಿತು ಬಂದು ಹೇಳ್ಬೇಕಾಯ್ತು. ರಜೆಗೆ ಬರ್ತಾಳೆ, ಬಂದಾಗೆಲ್ಲ ನಿಮ್ಮನೆಗೆ ಕಳಿಸ್ತೀನಿ. ನಿಮ್ಮ ವಿಚಾರಣೆಗೆ ನಾನೇ ಬಂದು ಸಾಕ್ಷಿ ಹೇಳ್ತೀನಿ. ಆದ್ರೆ ಒಂದು ಹೆಣ್ಣುಮಗುವಿನ ಓದು ಮುಳುಗಿದ್ದು ಸಾಕು. ನೀವು ಕೇಳಿದ್ದು ಮಾತ್ರ ಆಗಲ್ಲ. ನಾನು ಇವಳನ್ನ ನಿಲ್ಸಲ್ಲ.”